ಪುರಿಯಿಂದ ಕಾಕಿನಾಡಕ್ಕೆ: ಕಡಲೊಳಗಿನ ಹೊಳೆಯ ಜೊತೆ

ಪುರಿ, ಮೊದಲ ದಿನ

ಬೆಂಗಳೂರಿನಿಂದ ಭುವನೇಶ್ವರಕ್ಕೆ ವಿಮಾನ, ಅಲ್ಲಿಂದ ಪುರಿಗೆ ಟ್ಯಾಕ್ಸಿ. ಜೊತೆಗೆ ಅಕ್ಕನ ಮಗ ಪ್ರಶಾಂತ. ನವೆಂಬರ್ ಮೊದಲ ವಾರವೇ ಆಗಬೇಕು ಅಂತ ಹಟ ಹಿಡಿದವನು ನಾನು. "ಬಂಗಾಳ ಕೊಲ್ಲಿಯಲ್ಲಿ ಇದು ಚಂಡಮಾರುತದ ಕಾಲ ಮಾವ, ಜನವರಿಗೆ ಹೋದರೆ ಆಗಲ್ವಾ?" ಅಂತ ಅವನು ಹತ್ತು ಸಲ ಕೇಳಿದ್ದ. ಆದರೆ ನಾನು ನೋಡಬೇಕಿದ್ದದ್ದು ಸಿಗುವುದು ಈ ಕಾಲದಲ್ಲೇ.

ವಿಷಯ ಏನಪ್ಪಾ ಅಂದರೆ, ಮಳೆಗಾಲದಲ್ಲಿ ಗಂಗಾ, ಬ್ರಹ್ಮಪುತ್ರ, ಮೇಘನಾ, ಮಹಾನದಿಗಳೆಲ್ಲ ಸೇರಿ ಬಂಗಾಳ ಕೊಲ್ಲಿಯ ತಲೆಗೆ ಲೆಕ್ಕವಿಲ್ಲದಷ್ಟು ಸಿಹಿನೀರು ಸುರಿಯುತ್ತವೆ. ಅಕ್ಟೋಬರ್ ಹೊತ್ತಿಗೆ ಗಾಳಿ ತಿರುಗುತ್ತದೆ. ಕರಾವಳಿಯ ಪ್ರವಾಹವೂ ದಕ್ಷಿಣಕ್ಕೆ ಮುಖ ಮಾಡುತ್ತದೆ. ಆಗ ಈ ಉಪ್ಪು ಕಮ್ಮಿಯಾದ ನೀರು ದಡಕ್ಕೆ ಅಂಟಿಕೊಂಡು, ಸುಮಾರು 100 ಕಿ.ಮೀ. ಅಗಲದ ಪಟ್ಟಿಯಾಗಿ ದಕ್ಷಿಣದ ಕಡೆಗೆ ಹರಿಯುತ್ತದೆ. ಭಾರತದ ದಕ್ಷಿಣ ತುದಿ ಮುಟ್ಟಲು ಎರಡೂವರೆ ತಿಂಗಳು. ವಿಜ್ಞಾನಿಗಳು ಇದನ್ನು ಕಡಲೊಳಗಿನ ನದಿ ಅಂತಲೇ ಕರೆದಿದ್ದಾರೆ. ನಮ್ಮ ಊರು ಕುಂದಾಪುರದ ಕಡೆ. ಹೊಳೆ ಕಡಲಿಗೆ ಸೇರುವುದನ್ನು ಬೇಕಾದಷ್ಟು ನೋಡಿದ್ದೇನೆ. ಕಡಲೊಳಗೇ ಹೊಳೆ ಹರಿಯುವುದನ್ನು ನೋಡಿರಲಿಲ್ಲ.

ಚೀಲದಲ್ಲಿ ಒಂದು ರಿಫ್ರಾಕ್ಟೋಮೀಟರ್ ಇತ್ತು. ಸಿಗಡಿ ಸಾಕುವವರು ಬಳಸುವ ಗೇಣುದ್ದದ ಕೊಳವೆ. ಗಾಜಿನ ಮೇಲೆ ಎರಡು ಹನಿ ನೀರು ಹಾಕಿ ಬೆಳಕಿಗೆ ಹಿಡಿದು ನೋಡಿದರೆ, ಒಂದು ಕಿಲೋ ನೀರಿನಲ್ಲಿ ಎಷ್ಟು ಗ್ರಾಂ ಉಪ್ಪಿದೆ ಅಂತ ಗೆರೆ ತೋರಿಸುತ್ತದೆ. ಸಾಮಾನ್ಯ ಕಡಲು ಅಂದರೆ 35ರ ಆಸುಪಾಸು.

ಪುರಿಯ ಮೀನುಗಾರರ ಕೇರಿ ಪೆಂಠಕಟ. ಅಲ್ಲಿ ಕೇಳುವುದು ಹೆಚ್ಚಾಗಿ ತೆಲುಗು. ಆಂಧ್ರದ ಕಡೆಯಿಂದ ತಲೆಮಾರುಗಳ ಹಿಂದೆ ಬಂದು ನೆಲೆಸಿದವರು. ಹೈದರಾಬಾದಿನಲ್ಲಿ ಕೆಲಸ ಮಾಡಿದ ಪ್ರಶಾಂತನ ತೆಲುಗು ಇಲ್ಲಿಂದಲೇ ಕೆಲಸಕ್ಕೆ ಬಂತು. ಬಲೆ ಹೆಣೆಯುತ್ತಿದ್ದ ವಯಸ್ಸಾದ ಒಬ್ಬರು ನನ್ನ ಸಾಧನ ನೋಡಿ ನಕ್ಕರು. "ಅದಕ್ಕೆ ಕೊಳವೆ ಯಾಕೆ ಬಾಬು? ಬಾಯಿಗೆ ಹಾಕಿದರೆ ಗೊತ್ತಾಗುತ್ತದೆ. ಈಗಿನ ನೀರು ಸಪ್ಪೆ. ಬೇಸಿಗೆಯ ನೀರು ನಾಲಿಗೆ ಸುಡುತ್ತದೆ." ಮೊಣಕಾಲುದ್ದ ನೀರಿಗೆ ಇಳಿದು ಅಳೆದೆ. 23.

ಮೊಣಕಾಲುದ್ದ ನೀರು ಅಂದಾಗ ನೆನಪಾಯಿತು. ಗೋವಾದ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯವರು 2005ರ ಮೇ ತಿಂಗಳಿನಿಂದ ಇದನ್ನೇ ಮಾಡಿಸಿದ್ದಾರೆ. ಕರಾವಳಿಯ ಎಂಟು ಕಡೆ, ಐದು ದಿನಕ್ಕೊಮ್ಮೆ, ಮೀನುಗಾರರೇ ಮೊಣಕಾಲುದ್ದ ನೀರಿನಲ್ಲಿ ನಿಂತು ಬಾಟಲಿ ತುಂಬಿಸಿ ಕೊಡುವುದು. ಹಡಗು ಬೇಡ, ದೊಡ್ಡ ಖರ್ಚು ಬೇಡ. ಕೊಲ್ಲಿಯ ಉತ್ತರ ಭಾಗದಲ್ಲಿ ಮಳೆಗಾಲದ ಕೊನೆಗೆ ಉಪ್ಪು 10 ಗ್ರಾಂಗಿಂತ ಜಾಸ್ತಿ ಇಳಿಯುತ್ತದೆ, ಆ ಇಳಿತ ದಡದುದ್ದಕ್ಕೂ ದಕ್ಷಿಣಕ್ಕೆ ಸಾಗುತ್ತದೆ ಅಂತ ತಿಳಿದದ್ದು ಆ ಬಾಟಲಿಗಳಿಂದಲೇ. ನನಗೆ ಈ ಕಥೆ ಬಹಳ ಇಷ್ಟ.

ಅದೇ ಅಜ್ಜ 2019ರ ಮೇ 3ರ ಫನಿ ಚಂಡಮಾರುತದ ಬಗ್ಗೆಯೂ ಹೇಳಿದರು. ಪುರಿಯ ಹತ್ತಿರವೇ ದಡ ಹತ್ತಿದ್ದು ಅದು. ಮನೆಯ ಶೀಟು ಯಾರ ಮನೆ ಮೇಲೆ ಬಿದ್ದಿತ್ತು ಅನ್ನುವುದು ವಾರದ ನಂತರ ಗೊತ್ತಾಯಿತಂತೆ. ಮಧ್ಯಾಹ್ನ ದೇವಸ್ಥಾನದ ಆನಂದ ಬಜಾರಿನಲ್ಲಿ ನೆಲದ ಮೇಲೆ ಕೂತು ಮಹಾಪ್ರಸಾದ ಉಂಡೆವು. ಅನ್ನ, ದಾಲ್ಮಾ, ಸಿಹಿ ಖೀರಿ. ಬೇಗ ಹೋದರೆ ಒಳ್ಳೆಯದು. ತಡವಾದರೆ ಮಡಕೆಗಳು ಖಾಲಿ.

ಮರುದಿನ, ಚಿಲಿಕಾ

ಪುರಿಯಿಂದ ಚಿಲಿಕಾ ಸರೋವರದ ದಡದ ಸಾತಪಡಾಕ್ಕೆ ಒಂದೂವರೆ ಗಂಟೆ. ಎಲ್ಲರೂ ಅಲ್ಲಿ ಡಾಲ್ಫಿನ್ ನೋಡಿ ವಾಪಸ್ ಹೋಗುತ್ತಾರೆ. ನಾವು ಬಾಡಿಗೆ ಕಾರನ್ನೇ ಜಂಗಲ್‌ಗೆ, ಅಂದರೆ ವಾಹನ ದಾಟಿಸುವ ದೋಣಿಗೆ, ಹತ್ತಿಸಿ ಆಚೆ ದಡದ ಜಹ್ನಿಕುಡಾದಲ್ಲಿ ಇಳಿದೆವು. ಅಲ್ಲಿಂದ ಸರೋವರ ಮತ್ತು ಸಮುದ್ರದ ನಡುವಿನ ಮರಳು ಪಟ್ಟಿಯ ಮೇಲೆ ರಂಭಾ ಕಡೆಗೆ ರಸ್ತೆ. ಗಾಳಿ ಮರ, ಭತ್ತದ ಗದ್ದೆ, ರಸ್ತೆ ಮೇಲೆ ಒಣಗಲು ಹಾಕಿದ ಮೀನು. ಪೆಟ್ರೋಲ್ ಪುರಿಯಲ್ಲೇ ತುಂಬಿಸಿಕೊಳ್ಳಿ, ಈ ದಾರಿಯಲ್ಲಿ ಬಂಕ್ ನಂಬಿ ಹೋಗಬೇಡಿ.

ಇರಾವತಿ ಡಾಲ್ಫಿನ್ ಎರಡು ಸಲ ಬೆನ್ನು ತೋರಿಸಿತು. ಮುಖ ನೋಡಲು ಆಗಲಿಲ್ಲ. ಅಂಬಿಗನ ಹತ್ತಿರ ಉಪ್ಪಿನ ಮಾತು ತೆಗೆದಾಗ ಮಾತ್ರ ಅವನು ಎಂಜಿನ್ ನಿಲ್ಲಿಸಿ ಕೂತ. ಚಿಲಿಕಾದ ಬದುಕೇ ಉಪ್ಪಿನ ಲೆಕ್ಕದ ಮೇಲೆ ನಿಂತಿದೆ. ಉತ್ತರಕ್ಕೆ ದಯಾ, ಭಾರ್ಗವಿ ನದಿಗಳು ಸಿಹಿನೀರು ತರುತ್ತವೆ. ಪೂರ್ವಕ್ಕೆ ಕಡಲ ಬಾಯಿ. ಹಳೆಯ ಬಾಯಿ ಹೂಳು ತುಂಬಿ ಮುಚ್ಚುತ್ತಾ ಬಂದಾಗ ನೀರು ಸಪ್ಪೆಯಾಯಿತು, ಕಳೆ ಹಬ್ಬಿತು, ಮೀನು ಹೋಯಿತು. 2000ರ ಸೆಪ್ಟೆಂಬರ್‌ನಲ್ಲಿ ಸಿಪಕುಡಾ ಹತ್ತಿರ ಹೊಸ ಬಾಯಿ ತೆಗೆದ ಮೇಲೆ ಏಡಿ, ಸಿಗಡಿ ಮತ್ತೆ ಬಂದವು. ಸಾತಪಡಾದಲ್ಲಿ ನನ್ನ ಅಳತೆ 11, ಸಂಜೆ ರಂಭಾದಲ್ಲಿ 8.

ರಂಭಾದ ಏಡಿ ಸಾರಿನ ಬಗ್ಗೆ ಒಂದು ಪುಟ ಬರೆಯಬಹುದು. ಸಾಸಿವೆ ಅರೆದು ಹಾಕಿದ ಖಾರ ಮೂಗಿಗೆ ಏರುತ್ತದೆ. ತೂಕಕ್ಕೆ ಎಷ್ಟು ಅಂತ ಮೊದಲೇ ಕೇಳಿ ಆರ್ಡರ್ ಮಾಡಿ. ನಮ್ಮ ಪಕ್ಕದ ಮೇಜಿನ ಕೋಲ್ಕತ್ತಾದ ಕುಟುಂಬ ಬಿಲ್ ನೋಡಿ ಮಾಡಿದ ಗಲಾಟೆ ಇನ್ನೂ ಕಿವಿಯಲ್ಲಿದೆ.

ಗೋಪಾಲಪುರ, ಮಳೆ

ಬ್ರಹ್ಮಪುರದಿಂದ ಗೋಪಾಲಪುರಕ್ಕೆ ಅರ್ಧ ಗಂಟೆ. ಇಳಿದ ಮಧ್ಯಾಹ್ನ ಕಡಲು ನುಣ್ಣಗಿತ್ತು, ಸೆಕೆ ಮಾತ್ರ ತಡೆಯಲು ಆಗುತ್ತಿರಲಿಲ್ಲ. ದೀಪಸ್ತಂಭದ ಕೆಳಗೆ ನೀರು ಅಳೆದಾಗ 24. ಪುರಿಗಿಂತ ಸ್ವಲ್ಪ ಜಾಸ್ತಿ. ಸಂಜೆ ಹೊತ್ತಿಗೆ ಮೀನುಗಾರರು ದೋಣಿಗಳನ್ನು ಮರಳಿನ ಮೇಲೆ ಇನ್ನೂ ಎತ್ತರಕ್ಕೆ ಎಳೆಯತೊಡಗಿದರು. ಆಂಧ್ರದ ಕಡೆ ವಾಯುಭಾರ ಕುಸಿತವಂತೆ, ಬಂದರಿನಲ್ಲಿ ಎಚ್ಚರಿಕೆಯ 3ನೇ ನಂಬರ್ ಸಂಕೇತ ಏರಿಸಿದ್ದಾರಂತೆ. ಹಗ್ಗಕ್ಕೆ ಕೈ ಕಮ್ಮಿ ಇತ್ತು, ನಾವೂ ಹಿಡಿದೆವು. ಪ್ರಶಾಂತನ ಚಪ್ಪಲಿ ಒಂದು ಅಲೆಗೆ ಹೋಯಿತು. ಉಳಿದ ಒಂದನ್ನು ಅವನು ವಿಶಾಖಪಟ್ಟಣದವರೆಗೆ ಯಾಕೆ ಹೊತ್ತುಕೊಂಡು ಬಂದ ಅಂತ ಗೊತ್ತಿಲ್ಲ.

ರಾತ್ರಿ ಗಾಳಿ ಶುರುವಾಯಿತು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಗಂಟೆಗೆ 62 ಕಿ.ಮೀ. ದಾಟಿದರೆ ಚಂಡಮಾರುತ, ಹೆಸರೂ ಸಿಗುತ್ತದೆ. ಇದು ಅಷ್ಟು ದೊಡ್ಡದಲ್ಲ. ಆದರೂ ಹಳೆಯ ಲಾಡ್ಜಿನ ಕಿಟಕಿ ಬಡಿಯುವುದು ನಿಲ್ಲಲಿಲ್ಲ. ಕರೆಂಟ್ ಹೋಯಿತು. ಜನರೇಟರ್‌ಗೆ ಡೀಸೆಲ್ ಇರಲಿಲ್ಲ. ಕೆಳಗಿನ ವರಾಂಡದಲ್ಲಿ ಕಾವಲುಗಾರನ ಜೊತೆ ಕೂತು ಮುರಿ (ನಮ್ಮ ಮಂಡಕ್ಕಿ), ಹಸಿ ಮೆಣಸಿನಕಾಯಿ ತಿಂದೆವು. "ಇದೆಲ್ಲ ಏನು ಬಾಬು," ಅಂದ ಅವನು. "ಫೈಲಿನ್ ನೋಡಬೇಕಿತ್ತು." 2013ರ ಅಕ್ಟೋಬರ್ 12ರ ರಾತ್ರಿ ಫೈಲಿನ್ ದಡ ಹತ್ತಿದ್ದು ಗೋಪಾಲಪುರದ ಹತ್ತಿರವೇ. ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸಾಗಿಸಿದ್ದರಿಂದ ಜೀವ ಉಳಿದವು. ಇವನು ಶಾಲೆಯ ಕಟ್ಟಡದಲ್ಲಿ ಹಸುವಿನ ಜೊತೆ ರಾತ್ರಿ ಕಳೆದನಂತೆ. ಹಸುವನ್ನು ಒಳಗೆ ಬಿಡಲು ಜಗಳ ಆಡಬೇಕಾಯಿತಂತೆ.

ಒಡಿಶಾದ ಸೂಪರ್ ಸೈಕ್ಲೋನ್ 1999ರ ಅಕ್ಟೋಬರ್ 29. ಫೈಲಿನ್, ಹುಡ್‌ಹುಡ್, ತಿತ್ಲಿ, ಮೂರೂ ಅಕ್ಟೋಬರ್. ಯಾಕೆ ಈ ತಿಂಗಳು? ಅದರ ಒಂದು ಉತ್ತರ ನಾವು ಬೆನ್ನು ಹತ್ತಿದ್ದ ಹೊಳೆಯಲ್ಲೇ ಇದೆ. ಇಟ್ಟ ಮಜ್ಜಿಗೆಯ ಮೇಲೆ ತಿಳಿನೀರು ನಿಲ್ಲುತ್ತದಲ್ಲ, ಹಾಗೆ ಹಗುರ ಸಿಹಿನೀರು ಭಾರದ ಉಪ್ಪುನೀರಿನ ಮೇಲೆ ಪದರವಾಗಿ ನಿಲ್ಲುತ್ತದೆ. ಚಂಡಮಾರುತದ ಗಾಳಿ ಕಡಲನ್ನು ಕಡೆಯುತ್ತದೆ. ಬೇರೆ ಕಡಲಾದರೆ ಕೆಳಗಿನ ತಣ್ಣನೆ ನೀರು ಮೇಲೆ ಬಂದು, ಗಾಳಿಗೆ ಸಿಗುವ ಕಾವು ಕಮ್ಮಿಯಾಗುತ್ತದೆ. ಚಂಡಮಾರುತ ತನ್ನ ಒಲೆಯನ್ನು ತಾನೇ ಆರಿಸಿಕೊಂಡಂತೆ. ಮಳೆಗಾಲ ಮುಗಿದ ಬಂಗಾಳ ಕೊಲ್ಲಿಯಲ್ಲಿ ಹಾಗೆ ಸುಲಭವಾಗಿ ಆಗುವುದಿಲ್ಲ. ಪದರ ಕಲಸಲು ಬಹಳ ಬಲ ಬೇಕು. ಹೇಗೋ ಕಲಸಿದರೂ, ಮೇಲಿನ ಸಪ್ಪೆ ನೀರಿನ ಕೆಳಗೆ ಇರುವುದು ಉಪ್ಪಾದ, ಆದರೆ ಇನ್ನೂ ಬೆಚ್ಚಗಿನ ನೀರು. ತಂಪು ನೀರು ಇರುವುದು ಅದಕ್ಕೂ ಕೆಳಗೆ. ನಡುವಿನ ಈ ಬೆಚ್ಚನೆಯ ಪಟ್ಟಿಗೆ ತಡೆಪದರ ಅನ್ನುತ್ತಾರೆ.

ಮಳೆಗಾಲಕ್ಕೆ ಮುಂಚೆ ಬರುವ ಚಂಡಮಾರುತಗಳು ಕೊಲ್ಲಿಯ ಮೇಲ್ಮೈಯನ್ನು ತಣಿಸುವುದು, ಮಳೆಗಾಲದ ನಂತರದವು ತಣಿಸುವುದರ ಸುಮಾರು ಮೂರು ಪಟ್ಟು ಅಂತ ಅಧ್ಯಯನ ಹೇಳುತ್ತದೆ. ಆದರೂ ಎಲ್ಲವನ್ನೂ ಸಿಹಿನೀರಿನ ತಲೆಗೆ ಕಟ್ಟಬಾರದು. ಫನಿ ಬಂದದ್ದು ಮೇ ತಿಂಗಳಲ್ಲಿ, ಆ ಪದರ ತೆಳುವಾಗಿರುವ ಕಾಲದಲ್ಲಿ. ಕಡಲು ಕುದಿಯುವಷ್ಟು ಕಾದಿದ್ದರೆ ಮುಚ್ಚಳ ಇಲ್ಲದೆಯೂ ಕೆಲಸ ನಡೆಯುತ್ತದೆ.

ಮರುದಿನ ಇಡೀ ಮಳೆ. ಕುಸಿತ ನಮಗಿಂತ ದಕ್ಷಿಣಕ್ಕೆ ದಡ ಹತ್ತಿತು. ಅಂದರೆ ನಾವು ಅದರ ಬಲಗಡೆ. ನಮ್ಮ ಅರ್ಧಗೋಳದಲ್ಲಿ ಗಾಳಿಯೂ ಕಡಲಿನ ಕಡೆತವೂ ಜೋರಾಗಿರುವುದು ಬಲಗಡೆಯೇ. ಅದರ ಮರುದಿನ ಬೆಳಗ್ಗೆ ಅಲೆ ಸ್ವಲ್ಪ ಇಳಿದಾಗ ಬಕೆಟ್‌ಗೆ ಹಗ್ಗ ಕಟ್ಟಿ ನೀರು ತೆಗೆದೆ. ಅಷ್ಟು ಮಳೆ ಬಿದ್ದಿದೆ, ಉಪ್ಪು ಇಳಿದಿರುತ್ತದೆ ಅಂತ ಪ್ರಶಾಂತ. ಗೆರೆ ನಿಂತದ್ದು 27ಕ್ಕೆ.

"ನಿಮ್ಮ ಕೊಳವೆ ಕೆಟ್ಟಿದೆ ಮಾವ," ಅಂದ. ಬಾಟಲಿ ನೀರು ಹಾಕಿ ನೋಡಿದೆ. ಸೊನ್ನೆಗೆ ಸರಿಯಾಗಿ ನಿಂತಿತು. ಮತ್ತೆ ಕಡಲ ನೀರು, ಮತ್ತೆ 27. ಮಳೆಯ ನೀರು ಎಷ್ಟೇ ಬಿದ್ದರೂ ಸೆಂಟಿಮೀಟರ್ ಲೆಕ್ಕ. ಕಡೆತ ನಡೆಯುವುದು ಹತ್ತಾರು ಮೀಟರ್ ಆಳಕ್ಕೆ. ಕೆಳಗಿನ ಉಪ್ಪು ಮೇಲೆ ಬಂದಿರಬೇಕು. ದಡದ ಕಡೆ ಬೀಸಿದ ಗಾಳಿ ಹೊರಗಿನ ಉಪ್ಪುನೀರನ್ನು ಒಳಗೆ ತಳ್ಳಿಯೂ ಇರಬಹುದು. ಒಂದು ಬಕೆಟ್ಟಿನಿಂದ ಇವೆರಡರಲ್ಲಿ ಯಾವುದು ಅಂತ ತೀರ್ಮಾನ ಮಾಡಲು ಆಗುವುದಿಲ್ಲ. ಆದರೆ ದೊಡ್ಡ ಚಂಡಮಾರುತ ಹೋದ ದಾರಿಯಲ್ಲಿ ಕೊಲ್ಲಿಯ ಮೇಲ್ಮೈ ಉಪ್ಪಾಗುವುದನ್ನು ತೇಲುವ ಸಾಧನಗಳು, ಉಪಗ್ರಹಗಳು ಮತ್ತೆ ಮತ್ತೆ ತೋರಿಸಿವೆ.

ಕಳಿಂಗಪಟ್ಟಣ

ಶ್ರೀಕಾಕುಳಂ ರೋಡ್ ಸ್ಟೇಷನ್‌ನಲ್ಲಿ ಇಳಿದು ಆಟೋ ಹಿಡಿದೆವು. ರಸ್ತೆಯ ಎರಡೂ ಕಡೆ ಭತ್ತ ಮಲಗಿತ್ತು. ಒಂದು ಕಡೆ ರಸ್ತೆ ಮೇಲೆ ಮೊಣಕಾಲುದ್ದ ನೀರು. ಆಟೋ ನಿಂತೇ ಹೋಯಿತು. ಗದ್ದೆಯಿಂದ ಬಂದ ಹೆಂಗಸೊಬ್ಬರು ಬೈಯುತ್ತಲೇ ಹಿಂದಿನಿಂದ ತಳ್ಳಿದರು. ನಮ್ಮನ್ನಲ್ಲ, ಮಳೆಯನ್ನು. ಕುಯ್ಲಿಗೆ ಬಂದ ಪೈರು ನೀರಲ್ಲಿತ್ತು.

ಕಳಿಂಗಪಟ್ಟಣದಲ್ಲಿ ವಂಶಧಾರಾ ನದಿ ಕಡಲಿಗೆ ಸೇರುತ್ತದೆ. ಈ ಪ್ರವಾಸದಲ್ಲಿ ನಾನು ಅತಿ ಹೆಚ್ಚು ಹೊತ್ತು ನಿಂತ ಜಾಗ ಇದು. ಒಡಿಶಾದ ಬೆಟ್ಟಗಳಲ್ಲಿ ಬಿದ್ದ ಮಳೆ ಆಗಷ್ಟೇ ಕೆಳಗೆ ಬಂದಿತ್ತು. ಕೆಂಪು ನೀರು ಕಡಲೊಳಗೆ ನುಗ್ಗಿ, ಎಡಕ್ಕೆ ಹೋಗದೆ ಬಲಕ್ಕೆ, ಅಂದರೆ ದಕ್ಷಿಣಕ್ಕೆ, ದಡ ಹಿಡಿದು ತಿರುಗಿತ್ತು. ಅದರಾಚೆ ಹಸಿರು ಕಡಲು. ಎರಡರ ನಡುವೆ ಒಂದು ಗೆರೆ. ನೊರೆ, ಜಲಕುಂಭಿ, ತೆಂಗಿನ ಗರಿ, ಒಂದು ಪ್ಲಾಸ್ಟಿಕ್ ಕುರ್ಚಿ, ಎಲ್ಲ ಆ ಗೆರೆಯಲ್ಲೇ ಸಾಲಾಗಿ ನಿಂತಿದ್ದವು. ಎರಡೂ ಕಡೆಯ ನೀರು ಅಲ್ಲಿ ಸೇರಿ ಕೆಳಗೆ ಮುಳುಗುವುದರಿಂದ ತೇಲುವ ಕಸ ಮಾತ್ರ ಮೇಲೆ ಉಳಿಯುತ್ತದೆ.

ಸಂಕೇತ ಇಳಿಸಿದ್ದರು. ಮಧ್ಯಾಹ್ನ ಒಬ್ಬ ಯುವಕ ಫೈಬರ್ ದೋಣಿಯಲ್ಲಿ ಗೆರೆಯವರೆಗೆ ಕರೆದುಕೊಂಡು ಹೋಗಲು ಒಪ್ಪಿದ. "ಕಸ ನೋಡಲು ದುಡ್ಡು ಕೊಡುವವರನ್ನು ಇವತ್ತೇ ನೋಡಿದ್ದು," ಅಂತ ಪ್ರಶಾಂತನಿಗೆ ಹೇಳಿದನಂತೆ. ಕೆಂಪು ಕಡೆ ಅಳತೆ 6. ಗೆರೆ ದಾಟಿ ಇಪ್ಪತ್ತು ಮಾರು ಹೋದರೆ 25. ನಂತರ ಅವನು ತಾನಾಗಿಯೇ ಒಂದು ಕೆಲಸ ಮಾಡಿದ. ಕೆಂಪು ನೀರಿನ ಮೇಲೆ ನಿಂತು, ಮುಚ್ಚಿದ ಬಾಟಲಿಗೆ ಕಲ್ಲು ಕಟ್ಟಿ, ಬಿರಡೆಗೆ ಬೇರೆ ದಾರ ಕಟ್ಟಿ ಮೂರು ಮಾರು ಆಳಕ್ಕೆ ಬಿಟ್ಟು ಎಳೆದ. ಬಂದ ನೀರು ತಿಳಿಯಾಗಿತ್ತು. 23. ಆ ಕೆಂಪು ಕಡಲೆಲ್ಲ ಮೂರು ಮಾರಿಗಿಂತ ತೆಳು.

ಮೀನು ಎಲ್ಲಿರುತ್ತದೆ ಅಂತ ಕೇಳಿದ್ದಕ್ಕೆ ಗೆರೆಯತ್ತ ಕೈ ತೋರಿಸಿದ. ಕಸದ ಜೊತೆ ಸಣ್ಣ ಮೀನು, ಅದರ ಹಿಂದೆ ದೊಡ್ಡದು. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕಳುಹಿಸುವ ಮೀನಿನ ಜಾಗದ ಮಾಹಿತಿ ಮೊಬೈಲಿಗೂ ಬರುತ್ತದೆ. ಅದು ಉಪಗ್ರಹ ನೋಡಿದ ಕಡಲಿನ ಕಾವು ಮತ್ತು ಹಸಿರು ಪಾಚಿಯ ಲೆಕ್ಕದ ಮೇಲೆ. "ಮೋಡ ಇದ್ದರೆ ಬರಲ್ಲ. ಮೋಡ ಹೋಗುವ ಹೊತ್ತಿಗೆ ಗೆರೆ ಇರಲ್ಲ," ಅಂದ.

ವಿಶಾಖಪಟ್ಟಣ

ಪ್ರಶಾಂತನಿಗೆ ಹೊಸ ಚಪ್ಪಲಿ, ನನಗೆ ಒಣ ಬಟ್ಟೆ, ಇಬ್ಬರಿಗೂ ಬೀಚ್ ರೋಡಿನಲ್ಲಿ ಮುರಿ ಮಿಕ್ಸ್ಚರ್. ಕೈಲಾಸಗಿರಿ ಹತ್ತಿದಾಗ ಕಂಡದ್ದೆಲ್ಲ ಎಳೆಯ ಮರ. 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಈ ಊರಿನ ಮೇಲೇ ಹಾದುಹೋಗಿತ್ತು.

ಇಲ್ಲಿನ ಕುರ್ಸುರಾ ಜಲಾಂತರ್ಗಾಮಿಯನ್ನು ತಪ್ಪಿಸಬೇಡಿ. 1969ರಲ್ಲಿ ನೌಕಾಪಡೆ ಸೇರಿ, 2001ರಲ್ಲಿ ನಿವೃತ್ತಿಯಾಗಿ, ಮರುವರ್ಷ ದಡದ ಮೇಲೆ ಮ್ಯೂಸಿಯಂ ಆಯಿತು. ಒಳಗೆ ವಿವರಿಸುವವರು ನಿವೃತ್ತ ನೌಕಾಪಡೆಯವರು. ಜನ ಇಕ್ಕಟ್ಟಾದ ಮಂಚಗಳ ಫೋಟೋ ತೆಗೆಯುತ್ತಿದ್ದಾಗ ನಾನು ಅವರಲ್ಲೊಬ್ಬರಿಗೆ ಉಪ್ಪಿನ ಬಗ್ಗೆ ಕೇಳಿದೆ. ಅವರ ಮುಖವೇ ಬದಲಾಯಿತು. ಉಪ್ಪು ಕಮ್ಮಿಯಾದ ನೀರಿಗೆ ಬಂದರೆ ದೋಣಿ ಭಾರವಾಗುತ್ತದೆ, ಕೂಡಲೇ ಟ್ಯಾಂಕಿನಿಂದ ನೀರು ಹೊರಗೆ ಹಾಕಬೇಕು ಅಂದರು. ಆಮೇಲೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. ಎರಡು ಸಾವಿರ ಟನ್ನಿನ ದೋಣಿ ಇದ್ದರೆ, ಕಿಲೋಗೆ 10 ಗ್ರಾಂ ಉಪ್ಪು ಕಮ್ಮಿಯಾದಾಗ ಸುಮಾರು 15 ಟನ್ ಲೆಕ್ಕ ತಪ್ಪುತ್ತದೆ. ಪದರಗಳ ನಡುವೆ ಶಬ್ದವೂ ಬಾಗುತ್ತದೆ, ಹಾಗಾಗಿ ಪದರದ ಕೆಳಗೆ ಅಡಗುವುದೂ ಒಂದು ವಿದ್ಯೆ ಅಂದರು. ಹಿಂದಿನ ಸಾಲು ತಳ್ಳಿದ್ದರಿಂದ ಮಾತು ಅಲ್ಲಿಗೇ ನಿಂತಿತು.

ಕಡಲಿನ ಉಪ್ಪನ್ನು 2009ರಿಂದ ಸ್ಮಾಸ್, 2015ರಿಂದ ಸ್ಮ್ಯಾಪ್ ಉಪಗ್ರಹಗಳು ಮೇಲಿನಿಂದಲೇ ಅಳೆಯುತ್ತವೆ. ಆದರೆ ದಡದ ಹತ್ತಿರ ನೆಲದಿಂದ ಬರುವ ವಿಕಿರಣ ಸೇರಿಕೊಂಡು ಅವುಗಳ ಲೆಕ್ಕ ಕೆಡುತ್ತದೆ. ಹೊಳೆ ಹರಿಯುವುದು ಸರಿಯಾಗಿ ಆ ದಡದ ಪಟ್ಟಿಯಲ್ಲೇ. ಅಂದರೆ ಮೊಣಕಾಲುದ್ದ ನೀರಿನ ಬಾಟಲಿಗೆ ಇನ್ನೂ ಬೆಲೆ ಇದೆ. ಬೀಚಿನಲ್ಲಿ ನನ್ನ ಅಳತೆ 26. ಈ ನೀರಿನಲ್ಲಿ ಸ್ವಲ್ಪ ಭಾಗ ಶ್ರೀಲಂಕಾ ಸುತ್ತಿ, ಚಳಿಗಾಲದಲ್ಲಿ ಅರಬ್ಬಿ ಸಮುದ್ರಕ್ಕೆ ನುಗ್ಗಿ, ಕೇರಳ ದಾಟಿ ನಮ್ಮ ಕರಾವಳಿಯ ಕಡೆಗೂ ಏರುತ್ತದೆ.

ಕಾಕಿನಾಡ

ಉಪ್ಪಾಡದ ಬೀಚ್ ರೋಡನ್ನು ಅಲೆಗಳು ಮತ್ತೆ ಕಿತ್ತಿದ್ದವು. ಪೊಲೀಸರು ತಡೆದರು. ಮಳೆ, ಕುಸಿತದ ದಿನಗಳಲ್ಲಿ ಈ ದಾರಿ ನೆಚ್ಚಿಕೊಂಡು ರೈಲಿಗೆ ಹೊರಡಬೇಡಿ. ಆಟೋದವನು ಒಳದಾರಿ ಹಿಡಿದ. ಹಾಗಾಗಿ ಬೀಚ್ ತಪ್ಪಿ, ಕೋರಿಂಗ ಮ್ಯಾಂಗ್ರೋವ್ ಕಾಡಿಗೆ ಜಾಸ್ತಿ ಹೊತ್ತು ಸಿಕ್ಕಿತು. ಒಂದು ಕಾಲಕ್ಕೆ ದೊಡ್ಡ ಬಂದರು ಕೋರಿಂಗ. 1839ರ ಚಂಡಮಾರುತದಲ್ಲಿ ಹಾಳಾಯಿತು. ಈಗ ಮರದ ಸೇತುವೆ ಮೇಲೆ ಜೋಡಿಗಳು ಸೆಲ್ಫಿ ತೆಗೆಯುತ್ತಾರೆ. ಗೋದಾವರಿಯ ನೀರು ಸೇರುವ ಜಾಗ, ಅಳತೆ 14.

ದಾರಿಯಲ್ಲಿ ತಾಳ್ಳರೇವು ಹತ್ತಿರ ಚಹಾಕ್ಕೆ ನಿಂತೆವು. ನನ್ನ ಕೊರಳಲ್ಲಿ ನೇತಾಡುತ್ತಿದ್ದ ರಿಫ್ರಾಕ್ಟೋಮೀಟರ್ ನೋಡಿ ಪಕ್ಕದಲ್ಲಿದ್ದವರು "ಎಷ್ಟು ಎಕರೆ?" ಅಂತ ಕೇಳಿದರು. ಸಿಗಡಿ ಕೆರೆಯವರು. ಕೆರೆ ಇಲ್ಲ, ಸುಮ್ನೆ ಕಡಲು ಅಳೆಯುತ್ತಾ ಬಂದೆ ಅಂದರೆ ನಂಬಲಿಲ್ಲ. ತಮ್ಮ ಕೆರೆಗೇ ಕರೆದುಕೊಂಡು ಹೋದರು.

ಕುಸಿತದ ರಾತ್ರಿ ಅವರಿಗೆ ನಿದ್ದೆಯಿಲ್ಲ. ಮಳೆನೀರು ಕೆರೆಯ ಮೇಲೆ ಪದರವಾಗಿ ನಿಂತರೆ ಕೆಳಗೆ ಗಾಳಿ ಇಳಿಯುವುದಿಲ್ಲ, ತಳದಲ್ಲಿರುವ ಸಿಗಡಿಗೆ ಉಸಿರು ಕಟ್ಟುತ್ತದೆ. ಅದಕ್ಕೆ ತೂಬಿನ ಮೇಲಿನ ಹಲಗೆ ಮಾತ್ರ ತೆಗೆದು ಮೇಲಿನ ಸಪ್ಪೆ ನೀರು ಬಿಡುವುದು, ಏರೇಟರ್‌ಗಳನ್ನು ಬೆಳಗಿನವರೆಗೆ ಓಡಿಸಿ ಪದರ ಕಲಸುವುದು. ಗೋಪಾಲಪುರದಲ್ಲಿ ಕಿಟಕಿ ಬಡಿಯುತ್ತಿದ್ದ ಹೊತ್ತಿಗೆ ಇವರು ಇಲ್ಲಿ ಕರೆಂಟ್ ಹೋಗಿ ಡೀಸೆಲ್ ಎಂಜಿನ್ ಹಚ್ಚಿದ್ದರು. ಆ ಒಂದು ರಾತ್ರಿಯ ಡೀಸೆಲ್ ಖರ್ಚು ಎಷ್ಟು ಅಂತ ಹೇಳಿ, ಅದನ್ನು ಸಿಗಡಿಯ ಕಿಲೋ ರೇಟಿಗೆ ಭಾಗಿಸಿ ತೋರಿಸಿದರು. ಇನ್ನೊಂದು ಕುಸಿತ ಬಂದರೆ ಸಿಗಡಿ ಇನ್ನೂ ಎಳೆಯದಾಗಿದ್ದರೂ ಹಿಡಿದು ಮಾರಿಬಿಡುತ್ತೇನೆ ಅಂದರು. ಪ್ರಶಾಂತ ಮೊಬೈಲ್ ತೆಗೆದು ಅಂಡಮಾನ್ ಕಡೆಯ ಮೋಡಗಳ ಚಿತ್ರ ತೋರಿಸಿದ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ಕೆಲಸದ ಹುಡುಗನನ್ನು ಕರೆದು ಇನ್ನೆರಡು ಕ್ಯಾನ್ ಡೀಸೆಲ್ ತರಿಸಲು ಹೇಳಿದರು. ನಮಗೆ ಬೆಂಗಳೂರಿನ ಶೇಷಾದ್ರಿ ಎಕ್ಸ್‌ಪ್ರೆಸ್‌ಗೆ ಹೊತ್ತಾಗಿತ್ತು. ಕಾಜಾ ಸಿಹಿ ಕೊಳ್ಳಲು ಪೇಟೆಗೆ ಬೇರೆ ಹೋಗಬೇಕಿತ್ತು.